ಕಮಾನ್ ಪಟ್ಟಿಯ ಕತ್ತಿಗಳು

ಅವರು ಮಾಡಿಕೊಟ್ಟ ಕತ್ತಿಗಳಲ್ಲಿ ಒಂದೂ ನೆಟ್ಟಗೆ ಹೆಚ್ಚುತ್ತಿರಲಿಲ್ಲ. ತೀರಿಹೋದವರ ಬಗ್ಗೆ ಹೀಗೆ ಮಾತು ಶುರುಮಾಡಬಾರದು ಎಂದು ನನಗೂ ಗೊತ್ತು. ಆದರೆ ನಾನು ಹೊಗಳಿಕೆಯಿಂದ ಶುರುಮಾಡಿದ್ದರೆ ಮೊದಲು ನಗುತ್ತಿದ್ದವರು ಅವರೇ. ಪ್ರೀತಿಗೆ ಹೇಳಿದ ಸುಳ್ಳು ಹೊಗಳಿಕೆ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರನ್ನು ನಾನು ಕಂಡಿಲ್ಲ.

ಅವರು ಸರಕಾರಿ ಬಸ್ಸಿನ ಕಂಡಕ್ಟರ್. ಓಣಿಯವರೆಲ್ಲ ‘ಕಂಡಕ್ಟ್ರು’ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಹರಪನಹಳ್ಳಿ ಕಡೆಯ ನಾನು ಕೊಟ್ಟೂರಿನ ದೂರವಾಣಿ ಕೇಂದ್ರಕ್ಕೆ ಕೆಲಸಕ್ಕೆ ಬಂದಾಗ, ಅವರ ಮನೆಗೆ ಅಂಟಿಕೊಂಡ ಖೋಲಿಯಲ್ಲಿ ಬಾಡಿಗೆಗೆ ಇದ್ದೆ. ಮದುವೆಯಾಗಿರಲಿಲ್ಲ. ಅವರ ಮನೆಯ ಮುಂಭಾಗದಲ್ಲೇ ಅವರ ಹೆಂಡತಿಯ ಖಾನಾವಳಿ ಇದ್ದುದರಿಂದ ಒಲೆ ಹಚ್ಚುವ ತಾಪತ್ರಯವೂ ಇರಲಿಲ್ಲ. ಆಕೆಯನ್ನು ನಾವೆಲ್ಲ ‘ಅಕ್ಕ’ ಎನ್ನುತ್ತಿದ್ದೆವು. ಕಾಲೇಜಿನ ಹುಡುಗರು, ಸಂತೆಗೆ ಬಂದವರು, ಡ್ರೈವರು ಕಂಡಕ್ಟರುಗಳು, ಎಲ್ಲರೂ ಅಕ್ಕನ ಜೋಳದ ರೊಟ್ಟಿಗೂ ಬೈಗುಳಕ್ಕೂ ಒಗ್ಗಿದವರು. ಎರಡನೇ ಸಲ ಶೇಂಗಾ ಚಟ್ನಿ ಕೇಳಿದವನಿಗೆ, “ರೊಟ್ಟಿ ಉಣ್ಣಾಕ ಬಂದೀಯೋ, ಚಟ್ನಿ ಉಣ್ಣಾಕ ಬಂದೀಯೋ?” ಎಂದು ಗದರಿ, ಮೊದಲಿಗಿಂತ ದೊಡ್ಡ ಮುದ್ದೆ ಹಾಕಿ ಹೋಗುತ್ತಿದ್ದರು.

ಆ ಖಾನಾವಳಿಯ ಜೀವ ಇದ್ದುದು ಒಂದು ಈಳಿಗೆಯ ಮೇಲೆ. ಬೆಳಗಾಗುವ ಹೊತ್ತಿಗೆ ಅಕ್ಕ ನೆಲದ ಮೇಲೆ ಒಂದು ಮಂಡಿ ಮಡಚಿ, ಇನ್ನೊಂದು ಕಾಲಿನಿಂದ ಈಳಿಗೆಯ ಮಣೆ ಒತ್ತಿಹಿಡಿದು ಕೂತರೆ, ಉಳ್ಳಾಗಡ್ಡಿ, ಬದನೆಕಾಯಿ, ಸವತೆಕಾಯಿ, ಮೆಂತ್ಯ ಸೊಪ್ಪು, ಎಲ್ಲ ಮುಗಿಯುವತನಕ ಏಳುತ್ತಿರಲಿಲ್ಲ. ಒಂದು ವರ್ಷ ಮಂಡಿ ಊದಿಕೊಂಡಿತು. ದಾವಣಗೆರೆಯ ಡಾಕ್ಟರು ಇನ್ನು ನೆಲಕ್ಕೆ ಕೂರಬಾರದು, ಕೂತರೆ ಮುಂದೆ ಏಳಲಿಕ್ಕೇ ಆಗುವುದಿಲ್ಲ ಎಂದು ಹೇಳಿ ಕಳಿಸಿದರು. ಹೆಚ್ಚಲಿಕ್ಕೆ ಒಬ್ಬಾಕೆಯನ್ನು ಇಟ್ಟು ನೋಡಿದರು. ಅವಳು ಬದನೆಕಾಯಿಯನ್ನು ಸೌದೆ ಸೀಳಿದ ಹಾಗೆ ಸೀಳುತ್ತಾಳೆಂದು ಅಕ್ಕ ವಾರದೊಳಗೆ ಕೈಮುಗಿದು ಕಳಿಸಿದರು. ಇನ್ನೊಬ್ಬರ ಕೈಯಿಂದ ಹೆಚ್ಚಿಸಿ ಅಡಿಗೆ ಮಾಡುವುದಕ್ಕಿಂತ ಖಾನಾವಳಿ ಮುಚ್ಚುವುದೇ ಮೇಲು ಎಂದು ಹಠ ಹಿಡಿದರು. ಆಗ ಕಂಡಕ್ಟ್ರು ಎಲ್ಲರ ಮುಂದೆ ಮಾತು ಕೊಟ್ಟರು.

“ಮುಚ್ಚೋದು ಯಾಕ? ನಿಂತು ಹೆಚ್ಚೋ ಹಂಗ ಕಟ್ಟಿ ಕಟ್ಟಸ್ತೀನಿ. ಅದರ ಮ್ಯಾಲ ಹಲಗಿ ಇಡ್ತೀನಿ. ಹೆಚ್ಚಾಕ ಕತ್ತಿ ನಾನ ಮಾಡಿ ಕೊಡ್ತೀನಿ.”

“ನೀವ ಮಾಡ್ತೀರಾ? ಅಂಗಡ್ಯಾಗ ಸಿಗ್ತಾವಲ್ರಿ,” ಎಂದೆ ನಾನು.

“ಅಂಗಡಿದು ತಗಡು. ನಾಕ ದಿನಕ್ಕ ಮೊಂಡ. ನಮ್ಮಾಕಿ ಕೈಗೆ ಜಲಮಕ್ಕಾಗೋ ಕತ್ತಿ ಬೇಕು.”

ಕಬ್ಬಿಣದ ಹುಚ್ಚು ಅವರಿಗೆ ಮೊದಲಿನಿಂದಲೂ ಇತ್ತು. ಟಿಕೆಟ್ಟಿಗೆ ತೂತು ಹಾಕುವ ಇಕ್ಕಳವನ್ನು ಬಸ್ಸಿನ ಕಂಬಿಗೆ ಬಡಿದು ಬಡಿದು, ಯಾವ ಬಸ್ಸಿನ ಕಂಬಿ ಯಾವ ಸ್ವರದಲ್ಲಿ ಕೂಗುತ್ತದೆ ಎಂದು ಹೇಳುತ್ತಿದ್ದರು. ಯಾರ ಮನೆಗೆ ಹೋದರೂ ಚೊಂಬು, ಕುರ್ಚಿ, ಕಿಟಕಿಯ ಸರಳು, ಏನು ಸಿಕ್ಕರೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಹೆಣ್ಣು ನೋಡಲು ಹೋದ ನನ್ನ ಜೊತೆ ಹಿರಿಯರಾಗಿ ಬಂದವರು ಆ ಮನೆಯ ಕಾಫಿ ತಟ್ಟೆಯನ್ನೂ ತಟ್ಟಿ ನೋಡಿ, “ಹಿತ್ತಾಳಿ ಚಲೋ ಐತಿ,” ಎಂದಿದ್ದರು. ಆ ಸಂಬಂಧ ಕೂಡಿ ಬರಲಿಲ್ಲ. ತಟ್ಟೆ ತಟ್ಟಿದ್ದಕ್ಕೆ ಎಂದು ನಾನು ರೇಗಿಸುತ್ತಿದ್ದೆ. ಹುಡುಗಿಯ ಭಾಗ್ಯ ಎಂದು ಅವರು ತಿರುಗಿ ಅನ್ನುತ್ತಿದ್ದರು.

ಕತ್ತಿಗೆ ಬೇಕಾದ ಉಕ್ಕು ಲಾರಿಯ ಕಮಾನ್ ಪಟ್ಟಿ. ಲಾರಿಯ ಹೊಟ್ಟೆಯ ಕೆಳಗೆ ಬಿಲ್ಲಿನ ಹಾಗೆ ಬಾಗಿ, ಒಂದರ ಮೇಲೊಂದು ಕೂತ ಪಟ್ಟಿಗಳಿರುತ್ತವಲ್ಲ, ಅವು. ಕಾನಹೊಸಹಳ್ಳಿಯ ಹೆದ್ದಾರಿಯ ಬದಿಗೆ ಗ್ಯಾರೇಜುಗಳೂ ಗುಜರಿಗಳೂ ಇದ್ದವು. ಕಂಡಕ್ಟ್ರ ಡ್ಯೂಟಿ ಕೂಡ್ಲಿಗಿ ಮೇಲೆ ಅತ್ತ ಕಡೆಗೇ ಬೀಳುತ್ತಿತ್ತು. ತುಂಡಾದ ಪಟ್ಟಿ ಕಂಡರೆ ಸಾಕು, ಸೀಟಿ ಊದಿ ಬಸ್ ನಿಲ್ಲಿಸಿ ಇಳಿಯುತ್ತಿದ್ದರು. ಕಲ್ಲಿಗೆ ಬಡಿದು ನೋಡಿ, “ಇದು ಹಾಡ್ತೈತಿ,” ಎಂದರೆ ಅದು ಬಸ್ಸಿಗೆ ಬರುತ್ತಿತ್ತು. “ಇದು ಕೆಮ್ಮತೈತಿ,” ಎಂದರೆ ಅಲ್ಲೇ ಉಳಿಯುತ್ತಿತ್ತು. ಒಮ್ಮೆ ನಾನೂ ಆ ಬಸ್ಸಿನಲ್ಲಿದ್ದೆ. ಕೋಳಿ ಬುಟ್ಟಿ ಹಿಡಿದಿದ್ದ ಒಬ್ಬ ಮುದುಕಿ ಕಾದು ಕಾದು ಸಿಟ್ಟಿಗೆದ್ದು, “ಏನ್ರಿ ಕಂಡಕ್ಟ್ರ, ನೀವು ಬಸ್ ಓಡಸ್ತೀರೋ ಗುಜರಿ ಓಡಸ್ತೀರೋ?” ಎಂದು ಕೇಳಿದಳು. ಅವರು ಪಟ್ಟಿಯನ್ನು ಅವಳ ಸೀಟಿನ ಕೆಳಗೇ ತಳ್ಳಿ, “ಕಾಲು ಎತ್ತವ್ವ, ಇದಕ್ಕೂ ಸೀಟು ಬೇಕು,” ಎಂದರು. ಮುದುಕಿ ಬೈಯುತ್ತಲೇ ಕಾಲೆತ್ತಿ ಜಾಗ ಕೊಟ್ಟಳು.

ಹಿತ್ತಿಲಲ್ಲಿ ಕುಲುಮೆ ಎದ್ದಿತು. ಹಳೆಯ ಲಾರಿ ಗಾಲಿಯ ರಿಮ್ಮಿಗೆ ಮಣ್ಣು ಮೆತ್ತಿ, ಕೈಯಿಂದ ತಿರುವುವ ಒಂದು ಗಾಳಿಯಂತ್ರ ಕೂಡಿಸಿದರು. ಬಳ್ಳಾರಿ ಜಾಲಿಯ ಇದ್ದಿಲು ನಮ್ಮ ಕಡೆ ಬರಗಾಲದಲ್ಲೂ ಸಿಗುವಂಥದ್ದು. ಬಡಿಯಲಿಕ್ಕೆ ಅಡಿಗಲ್ಲಿನ ಬದಲು ರೈಲು ಕಂಬಿಯ ತುಂಡು. ಉಕ್ಕು ಮುತ್ತುಗದ ಹೂವಿನ ಬಣ್ಣಕ್ಕೆ ಬಂದಾಗ ಬಡಿಯಬೇಕು, ಬಣ್ಣ ಇಳಿದರೆ ಮತ್ತೆ ಬೆಂಕಿಗೆ ಕೊಡಬೇಕು ಎಂದು ಅವರಿಗೆ ಹೇಳಿಕೊಟ್ಟವನು ಊರಿನ ಒಬ್ಬ ಕಮ್ಮಾರ. ಇಬ್ಬರಿಗೂ ಸಲಿಗೆ ಇತ್ತು. “ಲೇ ಕಂಡಕ್ಟ್ರ, ಟಿಕೀಟು ಹರಿಯೋ ಕೈ ಕಬ್ಬಿಣ ಬಗ್ಗಸ್ತೈತೇನಲೇ?” ಎಂದು ಅವನು ನಗುತ್ತಿದ್ದ.

ಮೊದಲ ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರು. ‘ಟಣ್’ ಎಂದು ಸದ್ದಾಯಿತು, ತೆಗೆದು ನೋಡಿದರೆ ಅಡ್ಡಕ್ಕೆ ಬಿರುಕು. ನೀರಿನ ಬದಲು ಎಣ್ಣೆಗೆ ಅದ್ದಬೇಕು ಎಂದು ಕಮ್ಮಾರ ಹೇಳಿದ. ಎಣ್ಣೆ ಎಲ್ಲಿದೆ? ಖಾನಾವಳಿಯಲ್ಲಿ ಮಿರ್ಚಿ ಕರಿದು ಉಳಿದ ಶೇಂಗಾ ಎಣ್ಣೆ ಇತ್ತು. ಅಂದಿನಿಂದ ಅವರು ಕತ್ತಿಗೆ ಹದ ಹಾಕಿದಾಗಲೆಲ್ಲ ಓಣಿಯ ತುಂಬ ಮಿರ್ಚಿ ಘಮಘಮಿಸುತ್ತಿತ್ತು. ಬಿಸಿ ಮಿರ್ಚಿ ಇದೆಯೆಂದು ಹುಡುಗರು ತಟ್ಟೆ ಹಿಡಿದು ಬಂದರೆ, ಹಿತ್ತಿಲಲ್ಲಿ ಕಂಡಕ್ಟ್ರು ಬನಿಯನ್ನಿನಲ್ಲಿ ನಿಂತು ಎಣ್ಣೆಯೊಳಗೆ ಕತ್ತಿ ಅಲ್ಲಾಡಿಸುತ್ತಿರುತ್ತಿದ್ದರು. ಹೀಗೆ ಒಂದು ದಿನ ಎಣ್ಣೆಗೆ ಬೆಂಕಿ ಹತ್ತಿ ಅವರ ಬಲಗೈ ಮೊಣಕೈತನಕ ಸುಟ್ಟಿತು. ಆದರೂ ಕತ್ತಿಯನ್ನು ಕೆಳಗೆ ಹಾಕಲಿಲ್ಲ. ಆ ಕತ್ತಿ ಬಿರುಕು ಬಿಡದೆ ಬಂದಿತು. ಅದಕ್ಕೆ ಹುಣಸೆ ಕಟ್ಟಿಗೆಯ ಹಿಡಿ ಹಾಕಿ, ಸಾಣೆ ಹಿಡಿದು, ಕೈಗೆ ಲೋಳಸರದ ಪಟ್ಟಿ ಕಟ್ಟಿಕೊಂಡೇ ತಂದು ಅಕ್ಕನ ಮುಂದಿನ ಕಟ್ಟೆಯ ಮೇಲಿಟ್ಟರು. ಅಲಗಿರುವ ವಸ್ತುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಅಕ್ಕ ಅದನ್ನು ಎತ್ತಿಕೊಂಡು ಒಂದು ಉಳ್ಳಾಗಡ್ಡಿ ಹೆಚ್ಚಿದರು. ನಾವೆಲ್ಲ ನೋಡುತ್ತಿದ್ದೆವು. ಅಕ್ಕ ಕತ್ತಿ ನೋಡಲಿಲ್ಲ, ಗಂಡನ ಕೈಗೆ ಕಟ್ಟಿದ ಪಟ್ಟಿ ನೋಡಿದರು.

“ಚಲೋ ಐತಿ,” ಎಂದರು.

ಚಲೋ ಇರಲಿಲ್ಲ. ಕಮಾನ್ ಪಟ್ಟಿ ಬಹಳ ದಪ್ಪ. ಅದನ್ನು ಬಡಿದು ತೆಳ್ಳಗೆ ಮಾಡಲು ತೋಳಿನಲ್ಲಿ ಕಮ್ಮಾರನ ಕಸುವು ಬೇಕು, ತಾಳ್ಮೆಯೂ ಬೇಕು. ಕಂಡಕ್ಟ್ರು ಅಲಗಿನ ಹತ್ತಿರ ಮಾತ್ರ ತಿಕ್ಕಿ ಚೂಪು ಮಾಡಿ, ಬೆನ್ನನ್ನು ಹಾಗೇ ದಪ್ಪಗೆ ಬಿಟ್ಟಿದ್ದರು. ಕೇಳಿದರೆ, “ಭಾರ ಇದ್ರ ಕತ್ತೀನ ಕೆಲಸ ಮಾಡ್ತೈತಿ, ಕೈ ಸುಮ್ನ ಇರ್ತೈತಿ,” ಎಂಬ ವಾದ. ಕತ್ತಿಯನ್ನು ಕೈಯಲ್ಲಿ ಹಿಡಿದ ಕಮ್ಮಾರ ಮುಖಕ್ಕೆ ಹೊಡೆದಂತೆ ಹೇಳಿದ: “ಕುರಿ ಕಡಿಯಾಕ ಚಲೋ ಆಗ್ತೈತಿ ನೋಡು. ಉಳ್ಳಾಗಡ್ಡಿಗಲ್ಲ.” ಲಿಂಗ ಕಟ್ಟಿಕೊಂಡವರ ಖಾನಾವಳಿಗೆ ಕುರಿ ಕಡಿಯುವ ಕತ್ತಿ ಎಂದರೆ ಹೇಗಾಗಬೇಡ! ಕಂಡಕ್ಟ್ರು ಅವನ ಜೊತೆ ಮಾತೇ ಬಿಟ್ಟರು. “ಅವಗ ಹೊಟ್ಟಿಕಿಚ್ಚು. ಕತ್ತಿ ಹಿಡಿಯಾಕೀನ ಚಲೋ ಐತಿ ಅಂದಾಳ, ಇವನ್ದೇನು?” ಎಂದು ನನ್ನ ಹತ್ತಿರ ಹೇಳಿದರು. ಅದೊಂದೇ ಮಾತು ಅವರಿಗೆ ಪ್ರಮಾಣವಾಗಿ ಉಳಿಯಿತು.

ಆ ಮೇಲೆ ಕತ್ತಿಗಳಿಗೆ ಲೆಕ್ಕವಿಲ್ಲ. ಒಂದಕ್ಕಿಂತ ಒಂದು ಭಾರ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ ಅವರಿಗೆ ಎಲ್ಲವೂ ಚೆಂದ. ಹಬ್ಬಕ್ಕೆ, ಗೃಹಪ್ರವೇಶಕ್ಕೆ, ಮದುವೆಗೆ, ಯಾರ ಮನೆಯಲ್ಲಿ ಏನು ನಡೆದರೂ ಒಂದು ಕತ್ತಿ ಬರುತ್ತಿತ್ತು. ಎದುರು ಮನೆಯವರು ಅದರಿಂದ ಸೌದೆ ಒಡೆಯುತ್ತಿದ್ದರು, ಎಳನೀರಿನವನು ಕಾಯಿ ಕೆತ್ತುತ್ತಿದ್ದ, ನನ್ನ ಖೋಲಿಯ ಬಾಗಿಲು ಗಾಳಿಗೆ ಬಡಿಯದಂತೆ ಒಂದು ಕತ್ತಿ ತಡೆದು ನಿಂತಿತ್ತು. ಕಂಡಕ್ಟ್ರು ಬರುವ ಸದ್ದಾದರೆ ಅದನ್ನು ಎತ್ತಿ ತರಕಾರಿ ಬುಟ್ಟಿಯ ಮೇಲಿಡುತ್ತಿದ್ದೆ. ಓಣಿಯ ಎಲ್ಲ ಮನೆಗಳಲ್ಲೂ ಅದೇ ನಾಟಕ ನಡೆಯುತ್ತಿತ್ತು.

ಅಕ್ಕನ ನಾಟಕ ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ರಜೆ ಇತ್ತು, ಊಟಕ್ಕೆ ಬೇಗ ಹೋದೆ. ಅಕ್ಕ ಕಟ್ಟೆಯ ಮುಂದೆ ನಿಂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಕೈ ಕಣ್ಣಿಗೆ ಕಾಣದಷ್ಟು ಬೇಗ ಆಡುತ್ತಿತ್ತು. ಕೈಯಲ್ಲಿ ಕಮಾನ್ ಪಟ್ಟಿಯ ಕತ್ತಿ ಇರಲಿಲ್ಲ. ಸಂತೆಯ ಸ್ಟೀಲ್ ಸಾಮಾನಿನವನು ಮಾರುವ, ಕಪ್ಪು ಹಿಡಿಯ, ತೆಳ್ಳನೆಯ ಚಾಕು ಇತ್ತು. ನನ್ನನ್ನು ನೋಡಿದ ಕೂಡಲೇ ಅದನ್ನು ಸೆರಗಿನಲ್ಲಿ ಸುತ್ತಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನೇನೂ ಕೇಳದೆಯೇ ಅವರೇ ಶುರುಮಾಡಿದರು.

“ಇವರಿಗೆ ಹೇಳಬ್ಯಾಡ್ರಿ ಮತ್ತ. ಅವರು ಮಾಡಿದ್ದರಾಗ ಹೆಚ್ಚಿ ಹೆಚ್ಚಿ ಮುಂಗೈ ಬಾವು ಬಂದಿತ್ರಿ. ರೊಟ್ಟಿ ಬಡಿಯಾಕ ಆಗವಲ್ದಾತು. ಏನ್ ಮಾಡ್ಲಿ?”

“ಅವರಿಗೇ ಹೇಳ್ರಲ್ಲ ಅಕ್ಕ, ಭಾರ ಐತಿ ಅಂತ. ಊರಿಗೆಲ್ಲ ಬೈತೀರಿ, ಅವರಿಗೊಂದು ಮಾತು ಹೇಳಾಕ ಏನು?”

“ನನ್ನ ಮಂಡಿ ಸಲುವಾಗಿ ಕೈ ಸುಟ್ಕೊಂಡಾರ. ಏನಂತ ಹೇಳ್ಲಿ? ಆ ಕೈಲೆ ಉಣ್ಣೋ ಹೊತ್ನ್ಯಾಗ ಸುಟ್ಟ ಕಲೆ ದಿನಾ ನನ್ನ ಕಣ್ಣಿಗೆ ಬೀಳ್ತೈತ್ರಿ,” ಎಂದು ಕಣ್ಣೊರೆಸಿಕೊಂಡರು. ಉಳ್ಳಾಗಡ್ಡಿಯ ನೀರು ಎಂದು ನಾನು ಅಂದುಕೊಳ್ಳಬಹುದಿತ್ತು, ಆದರೆ ಹಾಗಿರಲಿಲ್ಲ.

ಚಾಕುವಿಗೆ ಜಾಗ ಹಳೆಯ ರವೆ ಡಬ್ಬಿ. ಕಂಡಕ್ಟ್ರು ಡ್ಯೂಟಿಗೆ ಹೋದ ಮೇಲೆ ಹೊರಗೆ, ಬರುವ ಮುಂಚೆ ಒಳಗೆ. ಅವರು ಮನೆಯಲ್ಲಿರುವ ದಿನ ಅಕ್ಕ ಕಮಾನ್ ಪಟ್ಟಿಯಿಂದಲೇ ಹೆಚ್ಚಿ ರಾತ್ರಿ ಮುಂಗೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅಕ್ಕನ ಉಪ್ಪು ತಿಂದ ನಾನು ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಿಕೊಂಡು ಬಹಳ ದಿನವಾಗಿರಲಿಲ್ಲ. ಒಂದು ಸಂಜೆ ಕಂಡಕ್ಟ್ರು ನನ್ನನ್ನು ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಗೆ ಕರೆದುಕೊಂಡು ಹೋದರು. ಮಂಡಕ್ಕಿಯ ಮೇಲೆ ಉದುರಿಸಿದ್ದ ಹಸಿ ಉಳ್ಳಾಗಡ್ಡಿಯ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

“ನಿನ್ನೆ ಮನ್ಯಾಗ ಉಣ್ಣಾಕ ಕುಂತಿದ್ದೆ. ತಟ್ಟ್ಯಾಗ ಉಳ್ಳಾಗಡ್ಡಿ ಹಿಂಗ ಐತಿ. ಈ ಕಡಿಂದ ಆ ಕಡಿ ಕಾಣ್ತೈತಿ. ನನ್ನ ಕತ್ತಿ ಇಷ್ಟು ತೆಳ್ಳಗ ಹೆಚ್ಚಂಗಿಲ್ಲ. ನಾ ಮಾಡಿದ್ದು, ನನಗ ಗೊತ್ತಿಲ್ಲೇನು?”

ನಾನು ಚಹಾ ಕುಡಿಯುತ್ತಾ ಬೇರೆ ಕಡೆ ನೋಡಿದೆ. ಅವರು ನಕ್ಕರು.

“ನಿಮಗೂ ಗೊತ್ತೈತಿ ಅನ್ರಿ. ರವಾ ಡಬ್ಬಿ ತನಕ ಹೋಗಿ ಬಂದೀನಿ ನಾನು. ಸಂತಿ ಚಾಕು. ಅಲಗು ಮೊಂಡ ಆಗಾಕ ಹತ್ತಿತ್ತು ಅದರದು, ಪಾಪ, ಅದರಾಗ ಹೆಚ್ಚತಿದ್ದಾಳ. ಇವತ್ತ ಆಕಿ ನಲ್ಲಿ ನೀರಿಗೆ ಹೋದಾಗ ತೆಗೆದು, ಮಸೆದು, ಇದ್ದಂಗ ಇಟ್ಟೀನಿ.”

“ಕೇಳಬೇಕಿತ್ತಲ್ರಿ ಅಕ್ಕನ್ನ,” ಎಂದೆ.

“ಆಕಿ ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ಯಾಳ. ಅದನ್ನ ಕೆಡಸಬೇಕೇನು?”

ನಗುತ್ತಲೇ ಹೇಳಿದರು. ಆದರೆ ಆ ದಿನ ಮಂಡಕ್ಕಿ ತಿನ್ನದೆ ಎದ್ದರು. ಆಮೇಲೆ ಅದು ಅವರ ನೇಮವಾಯಿತು. ಅಕ್ಕ ಕೊಡ ಹಿಡಿದು ನಲ್ಲಿಯ ಸಾಲಿಗೆ ಹೋದ ಹೊತ್ತಿನಲ್ಲಿ ಡಬ್ಬಿ ತೆಗೆದು, ಚಾಕು ಮಸೆದು, ಒರೆಸಿ, ಹಿಡಿ ಯಾವ ಕಡೆಗಿತ್ತೋ ಅದೇ ಕಡೆಗೆ ಇಟ್ಟು ಮುಚ್ಚುತ್ತಿದ್ದರು. ಅತ್ತ ಅಕ್ಕ, ಸಂತೆಯ ಚಾಕು ಇಷ್ಟು ದಿನವಾದರೂ ಮೊಂಡಾಗಿಲ್ಲ, ಏನು ಗಟ್ಟಿ ಮಾಲು ನೋಡ್ರಿ ಎಂದು ನನ್ನ ಹತ್ತಿರ ಹೊಗಳುತ್ತಿದ್ದರು. ಊರವರ ಮಾತಿಗೆಲ್ಲ ತಂತಿ ಜೋಡಿಸುವುದು ನನ್ನ ನೌಕರಿ. ಮನೆಯ ಪಕ್ಕದ ಈ ಇಬ್ಬರ ನಡುವೆ ಮಾತ್ರ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಇಬ್ಬರೂ ನನ್ನಿಂದ ಆಣೆ ತೆಗೆದುಕೊಂಡಿದ್ದರು.

ಮಹಾನವಮಿಯ ದಿನದ ಮಾತು ಒಂದು ಹೇಳಬೇಕು. ಅಂದು ನಮ್ಮಲ್ಲಿ ಅನ್ನ ಕೊಡುವ ಆಯುಧಗಳಿಗೆಲ್ಲ ಪೂಜೆ. ಕುಡುಗೋಲು, ಕೊಡಲಿ, ಒನಕೆ, ಹೊಲಿಗೆ ಯಂತ್ರ, ಲಾರಿ, ಯಾರ ಹೊಟ್ಟೆ ಯಾವುದರಿಂದ ತುಂಬುತ್ತದೋ ಅದಕ್ಕೆ ವಿಭೂತಿ, ಕುಂಕುಮ, ಹೂವು. ಖಾನಾವಳಿಯ ಮಣೆಯ ಮೇಲೆ ಕಮಾನ್ ಪಟ್ಟಿಯ ಕತ್ತಿಯನ್ನು ನಡುವೆ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಕಂಡಕ್ಟ್ರ ಟಿಕೆಟ್ ಇಕ್ಕಳವನ್ನು ಪಕ್ಕಕ್ಕಿಟ್ಟು ಅಕ್ಕ ಕಾಯಿ ಒಡೆಸಿದರು. ಕಂಡಕ್ಟ್ರು ಕೈಮುಗಿದು ನಿಂತಿದ್ದರು. ಮರುದಿನ ಬನ್ನಿ ಕೊಡಲು ನನ್ನ ಖೋಲಿಗೆ ಬಂದವರು ಬಾಗಿಲು ಮುಂದಕ್ಕೆಳೆದು ಮೆಲ್ಲಗೆ ಹೇಳಿದರು.

“ನನ್ನ ಕತ್ತಿಗೆ ದೊಡ್ಡ ಹಾರ ಹಾಕಿದ್ಲಲ್ಲ, ನೋಡಿದ್ರಿ. ರವಾ ಡಬ್ಬ್ಯಾಗ ನೋಡ್ದೆ, ಆ ಚಾಕುಗೂ ಕುಂಕುಮ ಹಚ್ಯಾಳ. ಮ್ಯಾಲ ಒಂದ ಒಂದು ಹೂವು. ಡಬ್ಬಿ ಒಳಗ ಪೂಜಿ!”

“ನಗು ಬರ್ಲಿಲ್ಲೇನ್ರಿ?”

“ಬಂತು. ಆಮ್ಯಾಲ ತಿಳೀತು. ಹಾರ ಹಾಕಿದ್ದು ನನ್ನ ಸಲುವಾಗಿ. ಆ ಒಂದು ಹೂವು ಇಟ್ಟಿದ್ದು ಖರೇ ಭಕ್ತಿಲೆ,” ಎಂದರು. ಬನ್ನಿ ಎಲೆಯನ್ನು ನನ್ನ ಕೈಗಿಟ್ಟು, “ಆ ಹೂವು ನನ್ನ ಕತ್ತಿಗೆ ಬರಬೇಕು,” ಎಂದು ಎದ್ದರು.

ಅಲ್ಲಿಂದ ಅವರು ಬೇರೆ ಮನುಷ್ಯರಾದರು. ಊರವರಿಗೆ ಕತ್ತಿ ಹಂಚುವುದನ್ನು ನಿಲ್ಲಿಸಿದರು. ರಜೆಯ ದಿನ ಹಿತ್ತಿಲಲ್ಲಿ ಬಡಿಯುವ ಸದ್ದು ಮೊದಲಿನಂತೆ ಢಣಢಣ ಎನ್ನುತ್ತಿರಲಿಲ್ಲ, ಸಣ್ಣದಾಗಿ ಬಹಳ ಹೊತ್ತು ಕೇಳುತ್ತಿತ್ತು. ಮಾತು ಬಿಟ್ಟಿದ್ದ ಕಮ್ಮಾರನ ಮನೆಗೆ ತಾವೇ ಹೋಗಿ, “ನೀ ಅಂದಿದ್ದು ಖರೇ ಐತಿ ಮಾರಾಯ,” ಎಂದು ಹೇಳಿ ಬಂದರು. ಕತ್ತಿಯ ಬೆನ್ನು ಇಳಿಸುವುದನ್ನು ಮತ್ತೆ ಮೊದಲಿನಿಂದ ಕಲಿತರು. ತೆಳ್ಳಗೆ ಬಡಿದರೆ ಬಾಗುತ್ತಿತ್ತು, ನೆಟ್ಟಗೆ ಮಾಡಿದರೆ ಹದ ಕೆಡುತ್ತಿತ್ತು. ಕೆಟ್ಟದ್ದನ್ನು ಮುರಿದು ಮತ್ತೆ ಬೆಂಕಿಗೆ ಹಾಕುತ್ತಿದ್ದರು. ಅಕ್ಕ, “ಎಷ್ಟು ಕತ್ತಿ ಬೇಕ್ರಿ ಒಂದು ಮನಿಗೆ? ಇದ್ದದ್ದ ಚಲೋ ಐತಲ್ಲ,” ಎಂದು ಒಳಗಿನಿಂದಲೇ ಕೂಗುತ್ತಿದ್ದರು. ಅವರು ಗಾಳಿಯಂತ್ರ ತಿರುವುತ್ತಲೇ ಇರುತ್ತಿದ್ದರು.

ಅಷ್ಟರಲ್ಲಿ ನನಗೆ ಹಡಗಲಿಗೆ ವರ್ಗವಾಯಿತು, ಮದುವೆಯೂ ಆಯಿತು. ಕೊಟ್ಟೂರಿಗೆ ಬರುವುದು ಕಡಿಮೆಯಾದರೂ ಬಂದಾಗ ಅಕ್ಕನ ಊಟ ತಪ್ಪಿಸುತ್ತಿರಲಿಲ್ಲ. ಕಂಡಕ್ಟ್ರು ನಿವೃತ್ತರಾದ ವರ್ಷ ಒಮ್ಮೆ ಹೋದಾಗ ನನ್ನನ್ನು ಹಿತ್ತಿಲಿಗೆ ಕರೆದು, ಕುಲುಮೆಯ ಪಕ್ಕದ ತಗಡಿನ ಪೆಟ್ಟಿಗೆ ತೆರೆದರು. ಹಳೆಯ ಖಾಕಿ ಅಂಗಿಯೊಳಗಿನಿಂದ ಒಂದು ಕತ್ತಿ ತೆಗೆದು ಕಟ್ಟೆಯ ಮೇಲಿಟ್ಟರು. ನಾನು ಎತ್ತಿಕೊಂಡೆ. ಇವರ ಕೈಯದು ಎಂದು ನಂಬಲು ಆಗಲಿಲ್ಲ. ತೆಳ್ಳಗೆ, ನೆಟ್ಟಗೆ, ಬೆಳ್ಳಗೆ ಇತ್ತು. ಬೆರಳಿಂದ ತಟ್ಟಿದೆ, ಅವರಿಂದ ಕಲಿತ ಚಾಳಿ.

“ಹಾಡ್ತೈತ್ರಿ,” ಎಂದೆ. ಮಗು ಪರೀಕ್ಷೆ ಪಾಸಾದ ತಂದೆಯ ಹಾಗೆ ನಿಂತಿದ್ದರು.

“ಕೊಟ್ರೇನು ಅಕ್ಕಗ?”

“ಇಲ್ಲ.”

“ಯಾಕ್ರಿ?”

“ಸರಿಯಾಗಿ ನೋಡ್ರಿ ಅದನ್ನ.”

ನೋಡಿದೆ. ಉದ್ದ, ಅಗಲ, ಹೊಟ್ಟೆಯ ಬಾಗು, ಹಿಡಿಯಲ್ಲಿ ಬೆರಳಿಗೆ ಮಾಡಿದ ತಗ್ಗು, ಎಲ್ಲವೂ ರವೆ ಡಬ್ಬಿಯ ಚಾಕುವಿನದೇ. ದಿನವೂ ಮಸೆಯುತ್ತಾ ಅದನ್ನೇ ಅಳೆದು ಅಳೆದು ಮಾಡಿದ್ದರು.

“ಆಕಿ ಕೈಗೆ ರೂಢಿ ಆಗಿದ್ದು ಅದು. ಹಂಗಾಗಿ ಅದರಂಗ ಮಾಡಿದೆ. ಮಾಡಿ ಮುಗಿಸಿದ ಮ್ಯಾಲ ಹೊಳೀತು. ಇದನ್ನ ಆಕಿ ಮುಂದಿಟ್ಟೆ ಅಂದ್ರ, ಡಬ್ಬ್ಯಾಗಿಂದು ನಾ ನೋಡೀನಿ ಅಂತ ಒಂದ ಸಲಕ್ಕ ತಿಳೀತೈತಿ. ಇಷ್ಟು ವರ್ಷ ಮುಚ್ಚಿಟ್ಟಾಳ. ಆಕಿ ಮುಖ ಸಣ್ಣದಾಗೋದು ನಾ ನೋಡಲಾರೆ.”

“ಹಂಗಾದ್ರ ಬ್ಯಾರೆ ಆಕಾರದ್ದು ಮಾಡ್ರಿ.”

“ಮಾಡಬೇಕು,” ಎಂದು ಕತ್ತಿಯನ್ನು ಖಾಕಿ ಅಂಗಿಯಲ್ಲಿ ಸುತ್ತಿದರು. “ಆದ್ರ ಈಗ ಈ ತೋಳು ಮೊದಲಿನಂಗ ಏಳವಲ್ದು.”

ಮತ್ತೊಂದನ್ನು ಮಾಡಲಿಲ್ಲ. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತರಂತೆ, ದಾವಣಗೆರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನನಗೆ ಸುದ್ದಿ ತಿಳಿದು ಹಡಗಲಿಯಿಂದ ಬರುವಷ್ಟರಲ್ಲಿ ಮಣ್ಣೂ ಆಗಿತ್ತು. ಅಕ್ಕ ನನ್ನನ್ನು ಕಂಡು ಅತ್ತರು, ನಾನೂ ಅತ್ತೆ. ಆಣೆಗಳ ಮಾತು ಎತ್ತುವ ಹೊತ್ತು ಅದಲ್ಲ. ಅವರು ಹೋದ ಮೇಲೆ ಆ ಮಾತಿಗೆ ಅರ್ಥ ಉಳಿದಿಲ್ಲ ಎಂದುಕೊಂಡು ಹಿಂದಿರುಗಿದೆ.

ಕೆಲವು ತಿಂಗಳಾದ ಮೇಲೆ ಕೊಟ್ಟೂರಿಗೆ ಹೋದೆ. ಖಾನಾವಳಿ ನಡೆಯುತ್ತಿತ್ತು. ಅಕ್ಕ ಕಟ್ಟೆಯ ಮುಂದೆ ನಿಂತು, ಕೈ ಸುಟ್ಟುಕೊಂಡು ಮಾಡಿದ ಆ ಮೊದಲ ಕಮಾನ್ ಪಟ್ಟಿಯ ಕತ್ತಿಯಿಂದ ಹೆಚ್ಚುತ್ತಿದ್ದರು. ಮುಂಗೈಗೆ ಬಟ್ಟೆ ಸುತ್ತಿತ್ತು. ಬೇಡ ಅಕ್ಕ ಎಂದೆ. “ಇದ್ದಾಗ ಮೋಸ ಮಾಡಿದೆ, ಈಗರ ಇದರಾಗ ಹೆಚ್ತೀನಿ,” ಎಂದರು. ಊಟಕ್ಕೆ ಬಂದವರೆಲ್ಲ ಹೋದ ಮೇಲೆ ಒಳಗೆ ಹೋಗಿ ಖಾಕಿ ಬಟ್ಟೆಯ ಗಂಟನ್ನೂ ರವೆ ಡಬ್ಬಿಯ ಚಾಕುವನ್ನೂ ತಂದು, ಎರಡನ್ನೂ ಪಕ್ಕಪಕ್ಕದಲ್ಲಿ ನನ್ನ ಮುಂದಿಟ್ಟರು.

“ಮೊನ್ನೆ ಅವರ ಪೆಟಗಿ ತೆಗೆದಾಗ ಸಿಕ್ತು. ಇದನ್ನ ನೋಡ್ರಿ, ಇದನ್ನ ನೋಡ್ರಿ. ಒಂದ ಅಳತಿ. ಅವರಿಗೆ ಗೊತ್ತಿತ್ತೇನ್ರಿ?”

“ಗೊತ್ತಿತ್ತು ಅಕ್ಕ.”

“ಯಾವಾಗಿಂದ?”

“ಶುರುವಿಂದಾನೂ.”

ಉಳ್ಳಾಗಡ್ಡಿಯಿಂದ ಹಿಡಿದು ಎಲ್ಲ ಹೇಳಿದೆ. ನಲ್ಲಿ ನೀರಿನ ಹೊತ್ತು, ಸಾಣೆ, ಡಬ್ಬಿಯೊಳಗಿನ ಹೂವು, ಈ ಕತ್ತಿಯನ್ನು ಕೊಡಲಾಗದೆ ಇಟ್ಟುಕೊಂಡದ್ದು. ಅಕ್ಕ ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ಯಲಿಲ್ಲ.

“ಅವರು ಹೋದ ಮ್ಯಾಲ ಇದು ಕಡಿಯೋದು ಬಿಡ್ತು,” ಎಂದು ಸಂತೆಯ ಚಾಕುವನ್ನು ಮುಟ್ಟಿದರು. “ಇದಕ್ಕೂ ವಯಸ್ಸಾತು ಅಂದ್ಕೊಂಡಿದ್ದೆ ನಾನು.”

ಎದ್ದು ಖಾಕಿ ಬಟ್ಟೆಯ ಮೇಲಿದ್ದ ಕತ್ತಿಯನ್ನು ಎತ್ತಿಕೊಂಡರು. ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ತೆಗೆದು ಹಲಗೆಯ ಮೇಲಿಟ್ಟು ಹೆಚ್ಚತೊಡಗಿದರು. ಕತ್ತಿ ಹರಿಯಿತು. ಚೂರುಗಳು ತೆಳ್ಳಗೆ, ಒಂದರ ಮೇಲೊಂದು ಬಿದ್ದವು. ಅರ್ಧ ಹೆಚ್ಚಿ ನಿಲ್ಲಿಸಿ, ಕತ್ತಿಯನ್ನು ಅಂಗೈಯಲ್ಲಿ ಆಡಿಸಿ ತೂಗಿ ನೋಡಿದರು.

“ತುದಿ ಒಂದೀಟು ಭಾರ ಐತ್ರಿ,” ಎಂದರು.

ಊರಿಗೆಲ್ಲ ಮುಖದ ಮೇಲೆ ಹೇಳುವ ಆಕೆ ಗಂಡನ ಕತ್ತಿಯ ಬಗ್ಗೆ ಖರೇ ಮಾತು ಆಡಿದ್ದು ಅದೇ ಮೊದಲು.

“ಸಾಣಿ ಮ್ಯಾಲ ನಾಕ ಸಲ ತಿಕ್ಕಿದ್ರ ಹೋಗ್ತಿತ್ತು. ಹೇಳಿದ್ರ ಮರುದಿನಾನ ಮಾಡ್ತಿದ್ರು. ಚಲೋ ಐತಿ, ಚಲೋ ಐತಿ ಅನಕೋತ ಅವರ ಬಾಳೆಲ್ಲ ಕಳದ್ಬಿಟ್ಟೆ ನಾನು. ಕೈ ನೋಯ್ತೈತ್ರಿ ಅಂತ ಮೊದಲನೇ ದಿನಾನ ಅಂದಿದ್ರ, ಅವರಿದ್ದಾಗ್ಲೇ ಇದು ನನ್ನ ಕೈಯಾಗ ಇರ್ತಿತ್ತು.”